ಎಳೆಯೋದು ಸುಲಭ, ನಿಲ್ಲಿಸೋದು ಕಷ್ಟ

"ನಿಮ್ಮ ಹಳೇ ಎಸ್‌ಯುವಿ ಟ್ರೈಲರ್ ಎಳೆಯುತ್ತೇನ್ರೀ?"

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆ ಹತ್ತಿರ ಬಂತು ಅಂದರೆ ನಮ್ಮ ಕನ್ನಡದವರ ನಡುವೆ ಈಗೀಗ ಈ ಪ್ರಶ್ನೆ ಬಹಳ ಓಡಾಡುತ್ತಿದೆ. ಕಾರಣ ಗೊತ್ತಿರುವುದೇ. ಹೋಟೆಲ್ ರೂಮಿನ ಬಾಡಿಗೆ ಕೈಗೆ ಎಟುಕುವುದಿಲ್ಲ, ಮಕ್ಕಳಿಗೆ ಕಾಡು-ಬೆಟ್ಟ ನೋಡಬೇಕು, ಊರಿಂದ ಬಂದ ಅಪ್ಪ-ಅಮ್ಮನಿಗೆ ಹೊರಗಿನ ಊಟ ಒಗ್ಗುವುದಿಲ್ಲ. ಒಲೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಒಂದು ಗಾಲಿ ಮೇಲಿನ ಮನೆ ಇದ್ದರೆ ಬೆಳಿಗ್ಗೆ ಎದ್ದು ಉಪ್ಪಿಟ್ಟು ಕೆದಕಿಕೊಂಡು ತಿನ್ನಬಹುದು. ಮನೆ ಮುಂದೆ ಹೇಗೂ ಹದಿನೈದು-ಇಪ್ಪತ್ತು ವರ್ಷದ ಎಸ್‌ಯುವಿ ನಿಂತಿದೆ. ಹಿಂದೆ ಒಂದು ಕೊಕ್ಕೆ ಹಾಕಿ ಎಳೆದುಕೊಂಡು ಹೋದರಾಯ್ತಲ್ಲ!

ನನ್ನ ಉತ್ತರ ಯಾವಾಗಲೂ ಒಂದೇ: ಎಳೆಯುತ್ತೆ. ಅದರಲ್ಲಿ ಅನುಮಾನವೇ ಬೇಡ. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ. ಹೊತ್ತುಕೊಳ್ಳುತ್ತಾ? ಬಿಸಿಯಾಗದೆ ಬೆಟ್ಟ ಹತ್ತುತ್ತಾ? ಇಳಿಜಾರಿನಲ್ಲಿ ನಿಲ್ಲುತ್ತಾ? ಈ ಮೂರನ್ನು ಕೇಳಿ ಆಮೇಲೆ ಎಳೆಯೋ ಮಾತು.

ಈ ವಿಷಯದಲ್ಲಿ ಎರಡು ಪಂಗಡಗಳಿವೆ. ಒಂದು, "ಅಯ್ಯೋ, ವಿ8 ಇಂಜಿನ್ ಸ್ವಾಮಿ, ಏನೂ ಆಗಲ್ಲ, ಕಟ್ಟಿ ಹೊರಡಿ" ಅನ್ನುವ ಧೈರ್ಯಸ್ಥರ ಪಂಗಡ. ಇನ್ನೊಂದು, "ಹಳೇ ಗಾಡೀಲಿ ಇವೆಲ್ಲ ಬೇಡ, ಹೊಸ ಪಿಕಪ್ ತಗೊಳ್ಳಿ" ಅನ್ನುವ ಸಾಲ-ಮಾಡಿಸುವ ಪಂಗಡ. ನಾನು ಎರಡಕ್ಕೂ ಸೇರಿದವನಲ್ಲ. ಹಳೇ ಎಸ್‌ಯುವಿ ಟ್ರೈಲರ್ ಎಳೆಯಲು ಲಾಯಕ್ಕಾದದ್ದೇ. ಆದರೆ ಟ್ರೈಲರ್ ಯಾವುದು ಅಂತ ಗಾಡಿ ತೀರ್ಮಾನಿಸಬೇಕು, ಟ್ರೈಲರ್ ಅಂಗಡಿಯವನಲ್ಲ. ಹಾಗೆಯೇ ಗಾಡಿಗೆ ಹಾಕುವ ದುಡ್ಡು ಮೊದಲು ಬ್ರೇಕಿಗೆ, ಆಮೇಲೆ ತಂಪಿಗೆ, ಆಮೇಲೆ ಟೈರಿಗೆ ಹೋಗಬೇಕು. ಕೊಕ್ಕೆ ಬರುವುದು ಕೊನೆಗೆ. ನಾನು ನೋಡಿದ ಬಹುಪಾಲು ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಇಷ್ಟೇ ನನ್ನ ವಾದ. ಮುಂದಿನದೆಲ್ಲ ಯಾಕೆ ಅನ್ನುವುದರ ವಿವರಣೆ.

*

ನನ್ನದು 2006ರ ಟೊಯೋಟಾ ಫೋರ್‌ರನ್ನರ್. 4.7 ಲೀಟರಿನ ವಿ8 ಇಂಜಿನ್. ಆ ಕಾಲದ ಜಾಹೀರಾತಿನಲ್ಲಿ ಇದರ ಎಳೆಯುವ ಶಕ್ತಿ ಸುಮಾರು 7,000 ಪೌಂಡ್. ಅಂದರೆ ಮೂರು ಟನ್ನಿಗೂ ಹೆಚ್ಚು! ಕೇಳಿದರೆ ಯಾರಿಗಾದರೂ ಎದೆ ಉಬ್ಬುತ್ತೆ.

ಆದರೆ ಈ ಸಂಖ್ಯೆ ಹೇಗೆ ಬಂತು ಅಂತ ಸ್ವಲ್ಪ ನೋಡಿ. ಆಗ ಎಲ್ಲ ಕಂಪನಿಗಳಿಗೂ ಒಪ್ಪಿತವಾದ ಒಂದು ಅಳತೆಗೋಲು ಇರಲಿಲ್ಲ. ಯಾರ ಗಾಡಿ ಎಷ್ಟು ಎಳೆಯುತ್ತೆ ಅಂತ ಅವರವರೇ ಪರೀಕ್ಷೆ ಮಾಡಿ ಅವರವರೇ ಹೇಳುತ್ತಿದ್ದರು. ವಾಹನ ಇಂಜಿನಿಯರುಗಳ ಸಂಘವಾದ ಎಸ್‌ಎಇ 'ಜೆ2807' ಅನ್ನುವ ಮಾನಕ ಹೊರತಂದದ್ದು 2008ರಲ್ಲಿ. ಅದನ್ನು ಮೊದಲು ಒಪ್ಪಿಕೊಂಡದ್ದು ಟೊಯೋಟಾ, 2011ರ ಮಾಡೆಲುಗಳಿಗೆ. ಉಳಿದವರು ಒಬ್ಬೊಬ್ಬರಾಗಿ ಆಮೇಲೆ ಬಂದರು. ಅದರ ಪರೀಕ್ಷೆಗೆ ಆಧಾರ ಅರಿಝೋನಾದ ಡೇವಿಸ್ ಡ್ಯಾಮ್ ಹತ್ತಿರದ ಹೆದ್ದಾರಿ 68ರ ಏರು: 11.4 ಮೈಲಿ, 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಏಸಿ ಪೂರ್ತಿ ಹಾಕಿರಬೇಕು, ಮಾಮೂಲಿ ಗಾಡಿ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯಬಾರದು. ಈ ಮಾನಕ ಬಂದ ಮೇಲೆ ಕೆಲವು ಗಾಡಿಗಳ ಸಂಖ್ಯೆ ನೂರಾರು ಪೌಂಡ್ ಕೆಳಗಿಳಿಯಿತು. ಗಾಡಿ ಅದೇ, ಅಳತೆ ಮಾತ್ರ ಬೇರೆ!

ಅಂದರೆ 2011ಕ್ಕಿಂತ ಹಿಂದಿನ ಯಾವ ಎಸ್‌ಯುವಿಯ ಸಂಖ್ಯೆಯೂ ಈ ಮಾನಕದ್ದಲ್ಲ. ಅದರ ಮೇಲೆ, ಆ ಸಂಖ್ಯೆ ಹುಟ್ಟಿದ್ದು ಹೊಚ್ಚ ಹೊಸ ಗಾಡಿಗೆ. ನನ್ನ ಗಾಡಿ ಒಂದೂಮುಕ್ಕಾಲು ಲಕ್ಷ ಮೈಲಿ ಓಡಿದೆ. ಇಪ್ಪತ್ತರ ಹರೆಯದಲ್ಲಿ ಒಂದು ಮೂಟೆ ಅಕ್ಕಿ ಹೊತ್ತವನು ಅರವತ್ತರಲ್ಲೂ ಹೊರಬಹುದು, ಇಲ್ಲ ಅನ್ನಲ್ಲ. ಆದರೆ ಮೊದಲು ಡಾಕ್ಟರ ಹತ್ತಿರ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು ತಾನೆ?

*

ಈಗ ಜಾಹೀರಾತು ಬಿಟ್ಟು ಗಾಡಿಯ ಬಾಗಿಲು ತೆಗೆಯಿರಿ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಟೈರಿನ ಗಾಳಿ ಎಷ್ಟಿರಬೇಕು ಅಂತ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲೇ ಇನ್ನೊಂದು ಸಾಲು: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ. ಇದೇ 'ಪೇಲೋಡ್'. ಗಾಡಿ ತನ್ನ ಬೆನ್ನ ಮೇಲೆ ಹೊರಬಹುದಾದ ಒಟ್ಟು ಭಾರ. ನನ್ನ ಗಾಡಿಯ ಸ್ಟಿಕ್ಕರಿನಲ್ಲಿ ಇರುವುದು 1,100 ಪೌಂಡ್. (ಇನ್ನೂ ಹಳೆಯ ಗಾಡಿಗಳ ಸ್ಟಿಕ್ಕರಿನಲ್ಲಿ ಈ ಸಾಲು ಇಲ್ಲದಿರಬಹುದು. ಆಗ ಗಾಡಿಯ ಗರಿಷ್ಠ ತೂಕದಲ್ಲಿ ಅದರ ಖಾಲಿ ತೂಕವನ್ನು ಕಳೆದರೆ ಅದೇ ಲೆಕ್ಕ.)

ಟ್ರೈಲರಿನ ಮೂತಿ ಗಾಡಿಯ ಹಿಂಭಾಗದ ಮೇಲೆ ಕೂರುತ್ತದಲ್ಲ, ಆ ಒತ್ತುವ ಭಾರಕ್ಕೆ ಇಲ್ಲಿ 'ಟಂಗ್ ವೆಯ್ಟ್' ಅನ್ನುತ್ತಾರೆ. ನಾನು ಮೂಕಿ ಭಾರ ಅಂತ ಕರೆಯುತ್ತೇನೆ, ಯಾಕೆ ಅಂತ ಆಮೇಲೆ ಹೇಳ್ತೀನಿ. ಇದು ಟ್ರೈಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಇರಬೇಕು. ಮತ್ತು ಇದೂ ಪೇಲೋಡಿನೊಳಗೇ ಸೇರಬೇಕು. ಎಲ್ಲರೂ ಮರೆಯುವುದು ಇದನ್ನೇ.

ನಮ್ಮ ಮನೆಯ ಲೆಕ್ಕ ನೋಡಿ. ನಾನು 175 ಪೌಂಡ್, ಮನೆಯವರು 140, ಮಕ್ಕಳಿಬ್ಬರು 80 ಮತ್ತು 60. ಒಟ್ಟು 455. ಹಿಂದೆ ಐಸ್ ಪೆಟ್ಟಿಗೆ, ಬ್ಯಾಗು, ಕುರ್ಚಿ ಎಲ್ಲ ಸೇರಿ 150. ಭಾರ ಹಂಚುವ ಕೊಕ್ಕೆಯ ಕಬ್ಬಿಣ ಸುಮಾರು 85. ಎಲ್ಲ ಕೂಡಿದರೆ 690. 1,100ರಲ್ಲಿ ಉಳಿದದ್ದು 410 ಪೌಂಡ್. ಮೂಕಿ ಭಾರ ನೂರಕ್ಕೆ 13 ಅಂತ ಇಟ್ಟುಕೊಂಡರೆ, ನಾನು ಎಳೆಯಬಹುದಾದ ಟ್ರೈಲರ್ ತುಂಬಿದ ಮೇಲೆ ಸುಮಾರು 3,150 ಪೌಂಡ್ ಇರಬೇಕು.

ಜಾಹೀರಾತಿನ 7,000 ಎಲ್ಲಿ, ಬಾಗಿಲಿನ 3,150 ಎಲ್ಲಿ!

ಇದನ್ನು ಬರೆಯಲು ಕೂತದ್ದಕ್ಕೂ ಒಂದು ಕಾರಣ ಇದೆ. ನಮ್ಮ ಪರಿಚಯದವರೊಬ್ಬರು ನನ್ನಂಥದೇ ಗಾಡಿ ಇಟ್ಟುಕೊಂಡು, ತುಂಬಿದಾಗ 6,000 ಪೌಂಡ್ ಬರುವ ಟ್ರೈಲರಿಗೆ ಮುಂಗಡ ಕೊಡಲು ಹೊರಟಿದ್ದರು. ಅಂಗಡಿಯವನು, "ನಿಮ್ಮ ಗಾಡಿ ಏಳು ಸಾವಿರ ಎಳೆಯುತ್ತೆ, ಇನ್ನೂ ಒಂದು ಸಾವಿರ ಮಿಗುತ್ತೆ" ಅಂದಿದ್ದನಂತೆ. ಯೋಜನೆ ಏನು ಅಂದರೆ, ಊರಿಂದ ಬಂದಿರುವ ತಂದೆ-ತಾಯಿಯನ್ನೂ ಕೂರಿಸಿಕೊಂಡು ಯೊಸೆಮಿಟಿಗೆ ಹೋಗುವುದು.

"ಸಾರ್, ಒಂದು ನಿಮಿಷ ಲೆಕ್ಕ ಹಾಕೋಣ" ಅಂತ ಕೂರಿಸಿಕೊಂಡೆ. ಗಂಡ, ಹೆಂಡತಿ, ಒಂದು ಮಗು, ಇಬ್ಬರು ಹಿರಿಯರು ಸೇರಿ 655 ಪೌಂಡ್. ಸಾಮಾನು ಮತ್ತು ಕೊಕ್ಕೆ ಸೇರಿಸಿದರೆ 890. ಮೂಕಿಗೆ ಉಳಿದದ್ದು 210. ಆ ಟ್ರೈಲರಿನ ಮೂಕಿ ಭಾರ ನೂರಕ್ಕೆ 13ರಂತೆ 780! ಅಂದರೆ 570 ಪೌಂಡ್ ಹೆಚ್ಚುವರಿ, ಎಲ್ಲ ಹಿಂದಿನ ಗಾಲಿಗಳ ಮೇಲೆ. ಹಿಂದೆ ಕುಗ್ಗಿ ಮುಂದೆ ಎದ್ದ ಗಾಡಿ. ಮುಂದಿನ ಚಕ್ರಗಳಿಗೆ ಹಿಡಿತ ಇಲ್ಲ, ಸ್ಟೀರಿಂಗ್ ಹಗುರ. ಮುಖ್ಯವಾಗಿ ಬ್ರೇಕ್ ಹಾಕುವುದು ಮುಂದಿನ ಚಕ್ರಗಳೇ ಅಲ್ಲವೇ? ಹಿಂದಿನ ಸೀಟಿನಲ್ಲಿ ಅಪ್ಪ-ಅಮ್ಮ.

ಅವರು ಮುಂಗಡ ಕೊಡಲಿಲ್ಲ. ಬೇಜಾರಂತೂ ಆಯಿತು, ಇರಲಿ.

*

ಅಂಗಡಿಯಲ್ಲಿ ಇನ್ನೊಂದು ಮಾಯೆ ಇದೆ: 'ಡ್ರೈ ವೆಯ್ಟ್', ಅಂದರೆ ಟ್ರೈಲರಿನ ಖಾಲಿ ತೂಕ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿರುವುದು ಇದನ್ನೇ. ಖಾಲಿ ಟ್ರೈಲರಿನಲ್ಲಿ ಯಾರು ಪ್ರವಾಸ ಹೋಗುತ್ತಾರೆ ಹೇಳಿ? ಒಂದು ಗ್ಯಾಲನ್ ನೀರು 8.3 ಪೌಂಡ್. 30 ಗ್ಯಾಲನ್ ತುಂಬಿದರೆ ಸುಮಾರು 250 ಪೌಂಡ್ ಏರಿತು. ತುಂಬಿದ ಒಂದು ಪುಟ್ಟ ಗ್ಯಾಸ್ ಸಿಲಿಂಡರ್ ಸುಮಾರು 37 ಪೌಂಡ್, ಬ್ಯಾಟರಿ ಇನ್ನೊಂದು 50ರ ಹತ್ತಿರ. ಇವೆರಡೂ ಕೂರುವುದು ಸರಿಯಾಗಿ ಮೂಕಿಯ ಮೇಲೆ! ಪಾತ್ರೆ, ಕುಕ್ಕರ್, ಅಕ್ಕಿ-ಬೇಳೆ, ಹೊದಿಕೆ ಎಲ್ಲ ಸೇರಿ ಐನೂರು-ಎಂಟುನೂರು ಪೌಂಡ್ ಏರುವುದು ಗೊತ್ತೇ ಆಗುವುದಿಲ್ಲ. ಆದ್ದರಿಂದ ನೋಡಬೇಕಾದ ಸಂಖ್ಯೆ ಟ್ರೈಲರಿನ ಗರಿಷ್ಠ ತೂಕ, 'ಜಿವಿಡಬ್ಲ್ಯುಆರ್'. ಅದು ನಿಮ್ಮ ಲೆಕ್ಕದೊಳಗೆ ಕೂತರೆ ನಿದ್ದೆ ಬರುತ್ತದೆ.

ಲೆಕ್ಕದ ಮೇಲೆ ನಂಬಿಕೆ ಇಲ್ಲದಿದ್ದರೆ ತೂಗಿ ನೋಡಿ. ಹೆದ್ದಾರಿ ಬದಿಯ ಟ್ರಕ್ ಸ್ಟಾಪುಗಳಲ್ಲಿ 'ಕ್ಯಾಟ್ ಸ್ಕೇಲ್' ಇರುತ್ತದೆ. ಗಾಡಿಯ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೈಲರಿನ ಅಚ್ಚು, ಮೂರನ್ನೂ ಬೇರೆ ಬೇರೆ ತೂಗಿ ಚೀಟಿ ಕೊಡುತ್ತಾರೆ. ಹದಿನೈದು ಡಾಲರ್ ಆಸುಪಾಸು. ಮನೆ ಮಂದಿಯೆಲ್ಲ ಕೂತು, ನೀರು ತುಂಬಿ, ಸಾಮಾನು ಹೇರಿಯೇ ತೂಗಬೇಕು. ಅರ್ಧ ಗಂಟೆಯ ಕೆಲಸ. ಬೇರೆ ಯಾವ ಮಾತಿಗಿಂತಲೂ ಆ ಚೀಟಿಯನ್ನು ನಂಬಿ.

*

ಈಗ ಮೂಕಿ ಅಂತ ಯಾಕೆ ಕರೆದೆ ಅಂತ ಹೇಳ್ತೀನಿ. ಹಳ್ಳಿಯಲ್ಲಿ ಎತ್ತಿನಗಾಡಿಗೆ ಮೂಟೆ ಹೇರುವುದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮೂಟೆಗಳು ಮುಂದೆ ಜಾಸ್ತಿಯಾದರೆ 'ಮುಂಭಾರ': ನೊಗ ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂದೆ ಜಾಸ್ತಿಯಾದರೆ 'ಹಿಂಭಾರ': ಮೂಕಿ ಮೇಲೆದ್ದು ಎತ್ತುಗಳ ಕೊರಳಿನ ಹಗ್ಗ ಬಿಗಿಯುತ್ತದೆ. ಗಾಡಿ ಹೊಡೆಯುವವನು ಹೊರಡುವ ಮುಂಚೆ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ, ಒಂದೆರಡು ಮೂಟೆ ಅತ್ತಿತ್ತ ಸರಿಸಿ, ಆಮೇಲೇ ಎತ್ತು ಕಟ್ಟುತ್ತಿದ್ದ. ಅವನಿಗೆ ಶೇಕಡಾ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ.

ಹೆದ್ದಾರಿಯಲ್ಲಿ ಹಿಂಭಾರದ ಫಲ ಇನ್ನೂ ಭೀಕರ. ಮೂಕಿ ಭಾರ ಕಡಿಮೆಯಾದ ಟ್ರೈಲರ್ ವೇಗ ಹೆಚ್ಚಿದಂತೆ ನಾಯಿಯ ಬಾಲದ ಹಾಗೆ ಅತ್ತಿತ್ತ ಆಡಲು ಶುರುಮಾಡುತ್ತದೆ. ಒಂದು ಹಂತ ದಾಟಿದರೆ ಬಾಲವೇ ನಾಯಿಯನ್ನು ಆಡಿಸುತ್ತದೆ. ಇಳಿಜಾರಿನಲ್ಲಿ, ಪಕ್ಕದಲ್ಲಿ ದೊಡ್ಡ ಲಾರಿ ಹಾದು ಹೋದಾಗ, ಅಡ್ಡಗಾಳಿಗೆ, ಹೆಚ್ಚಾಗಿ ಇದು ಶುರುವಾಗುವುದು. ಆಗ ಗಾಬರಿಯಲ್ಲಿ ಸ್ಟೀರಿಂಗ್ ತಿರುಗಿಸುವುದಾಗಲಿ ಗಾಡಿಯ ಬ್ರೇಕ್ ಒತ್ತುವುದಾಗಲಿ ಮಾಡಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೆಟ್ಟಗೆ ಹಿಡಿದು, ಟ್ರೈಲರಿನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಬೇಕು. ಹಿಂದಿನಿಂದ ಹಿಡಿದೆಳೆದ ಹಾಗಾಗಿ ಸಾಲು ನೆಟ್ಟಗಾಗುತ್ತದೆ. ಇದಕ್ಕೆ ಕೈಗೆ ಎಟುಕುವ ಜಾಗದಲ್ಲಿ ಬ್ರೇಕ್ ಕಂಟ್ರೋಲರ್ ಇರಬೇಕು. ಅದಕ್ಕೆ ಬರುತ್ತೇನೆ.

ಮೂಕಿ ಭಾರ ಅಳೆಯಲು ಬಚ್ಚಲುಮನೆಯ ತೂಕದ ಯಂತ್ರ ಸಾಕು. ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆ ಮೇಲೆ, ಇನ್ನೊಂದು ತುದಿಯನ್ನು ಯಂತ್ರದ ಮೇಲೆ ಇಡಿ. ಮೂಕಿಯನ್ನು ಇಟ್ಟಿಗೆಯಿಂದ 1 ಅಡಿ, ಯಂತ್ರದಿಂದ 2 ಅಡಿ ದೂರದಲ್ಲಿ ಹಲಗೆ ಮೇಲೆ ಕೂರಿಸಿ. ಯಂತ್ರ ತೋರಿಸುವ ತೂಕವನ್ನು ಮೂರರಿಂದ ಗುಣಿಸಿ. (ಹಲಗೆಯದ್ದೇ ತೂಕ ಯಂತ್ರ ತೋರಿಸಿದರೆ ಮೊದಲು ಕಳೆಯಿರಿ.) ಹೈಸ್ಕೂಲಿನಲ್ಲಿ ಓದಿದ ಸನ್ನೆಕೋಲಿನ ಪಾಠ ಒಮ್ಮೆಯಾದರೂ ಉಪಯೋಗಕ್ಕೆ ಬಂತು ನೋಡಿ.

ತೂಕದಷ್ಟೇ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. 2003ರಿಂದ 2008ರವರೆಗಿನ ಹೋಂಡಾ ಪೈಲಟ್ ದೋಣಿಯ ಟ್ರೈಲರನ್ನಾದರೆ 4,500 ಪೌಂಡಿನವರೆಗೆ ಎಳೆಯಬಹುದು, ಬೇರೆ ಟ್ರೈಲರಾದರೆ 3,500 ಮಾತ್ರ. ಗಾಡಿ ಅದೇ, ಇಂಜಿನ್ ಅದೇ. ದೋಣಿ ಗಾಳಿಯನ್ನು ಸೀಳಿಕೊಂಡು ಬರುತ್ತದೆ, ಮನೆಯಂಥ ಟ್ರೈಲರ್ ಗೋಡೆಯ ಹಾಗೆ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ. ನಮ್ಮವರಿಗೆ ಬೇಕಾದದ್ದು ಹೆಚ್ಚಾಗಿ ಎರಡನೆಯದೇ. ಹಾಗಾಗಿ ಎರಡು ಟ್ರೈಲರ್ ಒಂದೇ ತೂಕ ಇದ್ದರೆ ಗಿಡ್ಡದ್ದನ್ನು ಆರಿಸಿ.

*

ಸರಿ, ಲೆಕ್ಕಕ್ಕೆ ಕೂರುವ ಟ್ರೈಲರ್ ಸಿಕ್ಕಿತು. ಇನ್ನು ಗಾಡಿಯ ತಯಾರಿ.

ಮೊದಲು ಬ್ರೇಕು. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 55 ಮೈಲಿ ವೇಗದ ಬದಲು 65ರಲ್ಲಿ ಹೋದರೆ, ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು ನೂರಕ್ಕೆ 40 ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವ ಗಾಡಿಗೆ ಗರಿಷ್ಠ ವೇಗ 55 ಮೈಲಿ. ಜನ ಇದನ್ನು ಪೊಲೀಸರ ಕಿರಿಕಿರಿ ಅಂದುಕೊಂಡಿದ್ದಾರೆ. ನನಗೆ ಕೇಳಿದರೆ ಈ ರಾಜ್ಯದ ಅತ್ಯಂತ ತಿಳಿವಳಿಕೆಯ ಕಾನೂನುಗಳಲ್ಲಿ ಇದೂ ಒಂದು.

ಹಳೇ ಗಾಡಿಯಲ್ಲಿ ಪ್ಯಾಡು, ಡಿಸ್ಕು ನೋಡುವುದು ಎಲ್ಲರಿಗೂ ಗೊತ್ತು. ಯಾರೂ ನೋಡದೇ ಇರುವುದು ಬ್ರೇಕ್ ಎಣ್ಣೆಯನ್ನು. ಅದು ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ. 'ಡಾಟ್ 3' ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದು. ತೇವ ಹೀರಿದ ಎಣ್ಣೆಗೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಎಣ್ಣೆ ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಅದು ಹಿಗ್ಗಿ ಕುಗ್ಗುತ್ತದೆ ಅಷ್ಟೇ, ಕಾಲಡಿಯ ಪೆಡಲ್ ನೆಲ ಮುಟ್ಟುತ್ತದೆ. ಎಣ್ಣೆ ಬದಲಿಸಲು ನೂರು-ನೂರೈವತ್ತು ಡಾಲರ್. ಟ್ರೈಲರ್ ಕಟ್ಟುವ ಮೊದಲು ಮಾಡಿಸಲೇಬೇಕಾದ ಕೆಲಸ.

ಆಮೇಲೆ ಟ್ರೈಲರಿನದ್ದೇ ಬ್ರೇಕು. ಇಲ್ಲಿನ ಕಾನೂನಿನ ಪ್ರಕಾರ 1,500 ಪೌಂಡ್ ಮತ್ತು ಮೇಲಿನ ಕ್ಯಾಂಪಿಂಗ್ ಟ್ರೈಲರಿಗೆ ಬ್ರೇಕ್ ಇರಲೇಬೇಕು. ಟ್ರೈಲರಿನಲ್ಲಿ ವಿದ್ಯುತ್ ಬ್ರೇಕ್ ಇರುತ್ತದೆ, ಆದರೆ ಅದಕ್ಕೆ ಅಪ್ಪಣೆ ಕೊಡುವ ಪೆಟ್ಟಿಗೆ ನಮ್ಮ ಗಾಡಿಯಲ್ಲಿ ಇರಬೇಕು. ಅದೇ ಬ್ರೇಕ್ ಕಂಟ್ರೋಲರ್. ಅಗ್ಗದವು ನಾವು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸಮನೆ ಹಿಡಿಯುತ್ತವೆ. 'ಪ್ರೊಪೋರ್ಷನಲ್' ಅನ್ನುವವು ಗಾಡಿ ಎಷ್ಟು ನಿಧಾನವಾಗುತ್ತಿದೆಯೋ ಅದಕ್ಕೆ ತಕ್ಕಂತೆ ಹಿಡಿಯುತ್ತವೆ. ಎರಡನೆಯದನ್ನೇ ಹಾಕಿಸಿ. ಹಳೇ ಗಾಡಿಗಳಲ್ಲಿ ಹಲವಕ್ಕೆ ದೀಪಗಳಿಗೆ ಮಾತ್ರ ಸಾಕಾಗುವ 4 ಪಿನ್ನಿನ ಸಾಕೆಟ್ ಇರುತ್ತದೆ. ಬ್ರೇಕಿಗೆ 7 ಪಿನ್ನಿನದ್ದು ಬೇಕು. ಟ್ರೈಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಾಕುವ ತಂತಿ-ಸ್ವಿಚ್ಚು ಮತ್ತು ಅದರ ಬ್ಯಾಟರಿ ಕೆಲಸ ಮಾಡುತ್ತಿದೆಯಾ ಅಂತಲೂ ನೋಡಿ. ಸರಪಣಿ ಎರಡನ್ನೂ ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಕಬೇಕು, ಕೊಕ್ಕೆ ಕಳಚಿದರೂ ಮೂಕಿ ನೆಲಕ್ಕೆ ಬಡಿಯದೆ ಅದರ ತೊಟ್ಟಿಲಲ್ಲಿ ಬೀಳುವ ಹಾಗೆ.

ಎರಡನೆಯದು ತಂಪು. ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಕೊಲ್ಲುವುದು ಭಾರ ಅಲ್ಲ, ಬಿಸಿ. ನನ್ನ ಗಾಡಿಯ ಗೇರ್‌ಬಾಕ್ಸಿಗೆ ಎಣ್ಣೆ ನೋಡುವ ಕಡ್ಡಿಯೂ ಇಲ್ಲ, ಹಾಗಾಗಿ ಜನ ಅದರ ಸುದ್ದಿಗೇ ಹೋಗುವುದಿಲ್ಲ. ಎಣ್ಣೆ ಬದಲಿಸಿ, ಮುಂದೆ ಪ್ರತ್ಯೇಕ ಕೂಲರ್ ಹಾಕಿಸಬೇಕು. 1996ರಿಂದೀಚೆಗಿನ ಎಲ್ಲ ಕಾರುಗಳಲ್ಲೂ ಸ್ಟೀರಿಂಗಿನ ಕೆಳಗೆ 'ಓಬಿಡಿ 2' ಅನ್ನುವ ಸಾಕೆಟ್ ಇದೆ. ಅದಕ್ಕೆ ಒಂದು ಪುಟ್ಟ ಬ್ಲೂಟೂತ್ ಯಂತ್ರ ಸಿಕ್ಕಿಸಿದರೆ ಎಷ್ಟೋ ಗಾಡಿಗಳಲ್ಲಿ ಗೇರ್‌ಬಾಕ್ಸ್ ಎಣ್ಣೆಯ ಬಿಸಿ ಫೋನಿನಲ್ಲೇ ಕಾಣುತ್ತದೆ. ಇಪ್ಪತ್ತು-ಮೂವತ್ತು ಡಾಲರಿಗೆ ಇದಕ್ಕಿಂತ ಒಳ್ಳೆಯ ವಿಮೆ ಇಲ್ಲ.

ರೇಡಿಯೇಟರ್ ಹಳೆಯದಾಗಿದ್ದರೆ ಅದನ್ನೂ ಅನುಮಾನದಿಂದ ನೋಡಿ. ಕೆಲವು ಗಾಡಿಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆ ತಂಪಾಗುವುದು ರೇಡಿಯೇಟರಿನ ಹೊಟ್ಟೆಯೊಳಗೇ. ಒಳಗಿನ ಗೋಡೆ ಬಿರಿದರೆ ನೀರು ಎಣ್ಣೆಗೆ ಬೆರೆತು ಗೇರ್‌ಬಾಕ್ಸ್ ಹಾಳಾಗುತ್ತದೆ. 2005ರಿಂದ 2010ರ ನಿಸ್ಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾಗಳಲ್ಲಿ ಇದು ಹೆಸರಾದ ತೊಂದರೆ. ಇನ್ನು ನನ್ನ ವಿ8 ಇಂಜಿನ್ನಿಗೆ 90,000 ಮೈಲಿಗೊಮ್ಮೆ ಟೈಮಿಂಗ್ ಬೆಲ್ಟ್ ಬದಲಿಸಬೇಕು. ಆಗಲೇ ನೀರಿನ ಪಂಪ್, ಥರ್ಮೋಸ್ಟಾಟ್, ಪೈಪುಗಳನ್ನೂ ಬದಲಿಸುವುದು ಜಾಣತನ, ಕೂಲಿ ಒಂದೇ.

ಬೆಟ್ಟದಲ್ಲಿ ಇನ್ನೊಂದು ವಿಷಯ. ಟರ್ಬೊ ಇಲ್ಲದ ಇಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ನೂರಕ್ಕೆ 3ರಷ್ಟು ಬಲ ಕಳೆದುಕೊಳ್ಳುತ್ತದೆ. ಯೊಸೆಮಿಟಿಯ ಟಯೋಗಾ ಪಾಸ್ 9,945 ಅಡಿ. ಅಲ್ಲಿಗೆ ಹೋಗುವಷ್ಟರಲ್ಲಿ ನಿಮ್ಮ ಇಂಜಿನ್ನಿನ ಮೂರನೇ ಒಂದು ಭಾಗದ ಹತ್ತಿರ ಮನೆಯಲ್ಲೇ ಬಿಟ್ಟು ಬಂದ ಹಾಗೆ. ಅವಸರ ಮಾಡದೆ ಬಲಗಡೆ ಲೇನಿನಲ್ಲಿ ಹತ್ತಿದರಾಯ್ತು, ಯಾರೂ ಬಹುಮಾನ ಕೊಡುವುದಿಲ್ಲ.

ಇಳಿಯುವಾಗ? ಯೊಸೆಮಿಟಿಗೆ ಹೋಗುವ ಹೆದ್ದಾರಿ 120ರಲ್ಲಿ ಪ್ರೀಸ್ಟ್ ಗ್ರೇಡ್ ಇದೆ. ಹಳೇ ರಸ್ತೆ ಮೂರು ಮೈಲಿಯೊಳಗೆ ಸುಮಾರು 1,500 ಅಡಿ ಏರುತ್ತದೆ, ಹೊಸ ರಸ್ತೆ ಅಷ್ಟೇ ಎತ್ತರಕ್ಕೆ ಸುಮಾರು ಎಂಟು ಮೈಲಿ ಸುತ್ತುತ್ತದೆ. ಟ್ರೈಲರ್ ಇದ್ದವರು ಸುತ್ತಿನ ರಸ್ತೆಯನ್ನೇ ಹಿಡಿಯಬೇಕು. ಹತ್ತಿದ ಗೇರಿನಲ್ಲೇ ಇಳಿಯಬೇಕು ಅನ್ನುವ ನಮ್ಮ ಘಾಟಿ ಲಾರಿ ಡ್ರೈವರುಗಳ ಮಾತು ಇಲ್ಲಿಗೂ ಅಕ್ಷರಶಃ ಸಲ್ಲುತ್ತದೆ. ಆಟೊಮ್ಯಾಟಿಕ್ ಅಂತ 'ಡಿ'ಯಲ್ಲೇ ಬಿಟ್ಟು ಬ್ರೇಕ್ ಒತ್ತುತ್ತಾ ಇಳಿಯುವುದಲ್ಲ. ಕೆಳಗಿನ ಗೇರಿಗೆ ಹಾಕಿ ಇಂಜಿನ್ನೇ ಹಿಡಿಯುವ ಹಾಗೆ ಮಾಡುವುದು.

ಮೂರನೆಯದು ಟೈರು. 2000ನೇ ಇಸವಿಯ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಲಕ್ಷಾಂತರ ಟೈರುಗಳನ್ನು ವಾಪಸು ಕರೆದದ್ದು ಹಳಬರಿಗೆ ನೆನಪಿರಬಹುದು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಗಳಿಗೆ ಹಾಕಿದ್ದವು. ಹೊರಮೈ ಕಿತ್ತುಹೋಗಿ ಗಾಡಿಗಳು ಪಲ್ಟಿ ಹೊಡೆದು ಬಹಳ ಜನ ಸತ್ತರು. ತಪ್ಪು ಟೈರಿನದ್ದೋ ಗಾಡಿಯದ್ದೋ ಅಂತ ಎರಡು ಕಂಪನಿಗಳೂ ಕಿತ್ತಾಡಿದವು. ಆ ಜಗಳದ ಒಂದು ಮುಖ್ಯ ವಿಷಯ ಗಾಳಿ: ಫೋರ್ಡ್ ಹೇಳಿದ್ದು 26 ಪಿಎಸ್‌ಐ. ಕಡಿಮೆ ಗಾಳಿ, ಭಾರ, ಬಿಸಿಲು, ವೇಗ, ಈ ನಾಲ್ಕೂ ಸೇರಿದರೆ ಟೈರು ಒಳಗೊಳಗೇ ಬೇಯುತ್ತದೆ ಅನ್ನುವುದು ಆಗ ಎಲ್ಲರಿಗೂ ತಿಳಿಯಿತು. ಟೈರಿನ ಗಾಳಿ ಕಡಿಮೆಯಾದರೆ ಎಚ್ಚರಿಸುವ ದೀಪ ಎಲ್ಲ ಹೊಸ ಕಾರುಗಳಲ್ಲೂ 2007ರ ಸೆಪ್ಟೆಂಬರಿನಿಂದ ಕಡ್ಡಾಯವಾದದ್ದು ಅದರ ಫಲವೇ. ಅದಕ್ಕಿಂತ ಹಳೇ ಗಾಡಿಯಾದರೆ ಆ ದೀಪ ಇಲ್ಲದಿರಬಹುದು. ಟ್ರೈಲರ್ ಕಟ್ಟುವುದು ಅಂದರೆ ಮತ್ತೆ ಅದೇ ನಾಲ್ಕನ್ನೂ ಒಟ್ಟಿಗೆ ಸೇರಿಸುವುದು, ನೆನಪಿರಲಿ.

ಟೈರಿನ ವಯಸ್ಸನ್ನೂ ನೋಡಿ. ಪಕ್ಕದಲ್ಲಿ 'ಡಾಟ್' ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟ್ರೈಲರ್ ಟೈರುಗಳು ಸವೆದು ಸಾಯುವುದಕ್ಕಿಂತ ನಿಂತಲ್ಲೇ ಒಣಗಿ ಸಾಯುವುದೇ ಹೆಚ್ಚು. ಗುಂಡಿ ಚೆನ್ನಾಗಿದೆ ಅಂತ ಮೋಸ ಹೋಗಬೇಡಿ. ಟ್ರೈಲರಿನ ಚಕ್ರದ ಬೇರಿಂಗಿಗೆ ವರ್ಷಕ್ಕೊಮ್ಮೆ ಹೊಸ ಗ್ರೀಸ್. ಹೊರಟು ಹತ್ತಿಪ್ಪತ್ತು ಮೈಲಿ ಹೋದ ಮೇಲೆ ನಿಲ್ಲಿಸಿ ಚಕ್ರದ ನಟ್ಟು ಬಿಗಿ ನೋಡಿ, ಚಕ್ರದ ನಡುಭಾಗದ ಹತ್ತಿರ ಕೈ ಹಿಡಿದು ಬಿಸಿ ನೋಡಿ. ಒಂದು ಚಕ್ರ ಮಾತ್ರ ಕುದಿಯುತ್ತಿದ್ದರೆ ಅಲ್ಲೇ ಏನೋ ಇದೆ.

ಈಗ, ಇವೆಲ್ಲ ಆದ ಮೇಲೆ, ಕೊಕ್ಕೆ! ಎರಡು ಇಂಚಿನ ರಿಸೀವರ್, ಟ್ರೈಲರಿಗೆ ಸರಿಹೊಂದುವ ಅಳತೆಯ ಗುಂಡು, ಭಾರ ಹಂಚುವ ಸರಳುಗಳು. ಗುಂಡಿನ ಅಳತೆ ಕಾಲು ಇಂಚು ಹೆಚ್ಚುಕಮ್ಮಿ ಆದರೂ ಕೂತ ಹಾಗೆ ಕೂತು ಗುಂಡಿಯಲ್ಲಿ ಎದ್ದುಬಿಡಬಹುದು. ಕೂರಿಸಿ ಬಿಗಿದ ಮೇಲೆ ಟ್ರೈಲರಿನ ಜ್ಯಾಕಿನಿಂದ ಸ್ವಲ್ಪ ಮೇಲೆತ್ತಿ ನೋಡಿ, ಗಾಡಿಯ ಹಿಂಭಾಗವೂ ಜೊತೆಗೆ ಎದ್ದರೆ ಹಿಡಿತ ಸರಿ.

ಹಿಂದಿನ ಸ್ಪ್ರಿಂಗಿನೊಳಗೆ ಹಾಕುವ ಗಾಳಿ ಚೀಲದ ಬಗ್ಗೆ ಒಂದು ಮಾತು. ಅದನ್ನು ಹಾಕಿದರೆ ಕುಗ್ಗಿದ ಗಾಡಿ ನೆಟ್ಟಗೆ ಕಾಣುತ್ತದೆ ನಿಜ. ಆದರೆ ಬಾಗಿಲಿನ ಸ್ಟಿಕ್ಕರಿನ ಸಂಖ್ಯೆ ಒಂದು ಪೌಂಡೂ ಏರುವುದಿಲ್ಲ. ಅಚ್ಚು ಅದೇ, ಬ್ರೇಕು ಅದೇ, ಟೈರು ಅದೇ. ಬೆನ್ನು ನೋವಿದ್ದವನಿಗೆ ಬಿಗಿಯಾಗಿ ಪಟ್ಟಿ ಕಟ್ಟಿ ಎರಡು ಮೂಟೆ ಹೊರಿಸಿದ ಹಾಗೆ.

*

"ಇಷ್ಟೆಲ್ಲ ಮಾಡುವ ಬದಲು ಹೊಸ ಪಿಕಪ್ ತಗೊಂಡರೆ ಆಗಲ್ವಾ?" ಅನ್ನುವವರಿಗೆ: ಆಗುತ್ತೆ. ತುಂಬು ಕುಟುಂಬಕ್ಕೆ 6,000 ಪೌಂಡಿನ ಟ್ರೈಲರೇ ಬೇಕು ಅನ್ನುವವರಿಗೆ ಅದೇ ಸರಿಯಾದ ದಾರಿ, ನಾನು ತಡೆಯುವುದಿಲ್ಲ. ಆದರೆ ಅಲ್ಲೂ ಬಾಗಿಲಿನ ಸ್ಟಿಕ್ಕರ್ ಓದಿಯೇ ತೆಗೆದುಕೊಳ್ಳಿ. ಚರ್ಮದ ಸೀಟು, ಗಾಜಿನ ಛಾವಣಿ ಅಂತ ಏರಿಸುತ್ತಾ ಹೋದಷ್ಟೂ ಪೇಲೋಡ್ ಇಳಿಯುತ್ತಾ ಹೋಗುತ್ತದೆ. ಹೊಸ ಗಾಡಿ ಅನ್ನುವುದು ಲೆಕ್ಕದಿಂದ ವಿನಾಯಿತಿ ಅಲ್ಲ.

ವರ್ಷಕ್ಕೆ ಮೂರು-ನಾಲ್ಕು ಸಲ ಹೋಗುವ ನನ್ನಂಥವರಿಗೆ, ಚೆನ್ನಾಗಿ ನೋಡಿಕೊಂಡ ಹಳೇ ಎಸ್‌ಯುವಿ, ಅದರ ಹಿಂದೆ 3,000 ಪೌಂಡಿನೊಳಗಿನ ಪುಟ್ಟ ಟ್ರೈಲರ್, ಸಾಕು. ಬ್ರೇಕು, ಬೆಲ್ಟು, ಎಣ್ಣೆ, ಟೈರು, ಕಂಟ್ರೋಲರ್ ಎಲ್ಲ ಸೇರಿ ನನಗಾದ ಖರ್ಚು ಹೊಸ ಪಿಕಪ್ಪಿನ ಮೂರು-ನಾಲ್ಕು ತಿಂಗಳ ಕಂತಿನಷ್ಟು. ಅದರಲ್ಲಿ ಮುಕ್ಕಾಲು ಪಾಲು ಟ್ರೈಲರ್ ಇಲ್ಲದಿದ್ದರೂ ಮಾಡಿಸಬೇಕಾದ ಕೆಲಸವೇ ಆಗಿತ್ತು.

"ಮಾವನ ಮಗ ಹತ್ತು ವರ್ಷದಿಂದ ಇದಕ್ಕಿಂತ ದೊಡ್ಡದು ಎಳೀತಿದ್ದಾನೆ, ಏನೂ ಆಗಿಲ್ಲ" ಅನ್ನುವ ವಾದಕ್ಕೆ ನನ್ನ ಹತ್ತಿರ ಒಂದೇ ಉತ್ತರ. ಭಾರದ ಮಿತಿ ಇರುವುದು ದಿನನಿತ್ಯದ ಓಡಾಟಕ್ಕಲ್ಲ. ಮುಂದಿನ ಕಾರು ಏಕಾಏಕಿ ನಿಂತ ದಿನಕ್ಕೆ, ಇಳಿಜಾರಿನಲ್ಲಿ ಅಡ್ಡಗಾಳಿ ಬಂದ ದಿನಕ್ಕೆ. ಆ ದಿನ ನಮ್ಮ ಮುಂದಿನ ಕಾರಿನಲ್ಲಿ ಇರುವವರೂ ಯಾರದೋ ಮನೆಯ ಮಕ್ಕಳು, ಅಪ್ಪ-ಅಮ್ಮ. ಅವರು ನಮ್ಮ ಲೆಕ್ಕಕ್ಕೆ ಒಪ್ಪಿಗೆ ಕೊಟ್ಟವರಲ್ಲ. ನಮ್ಮ ಜೀವದ ಮೇಲೆ ಜೂಜಾಡುವುದು ನಮ್ಮಿಷ್ಟ ಅನ್ನಬಹುದು, ಅವರ ಜೀವದ ಮೇಲೆ ಆಡಲು ನಮಗೆ ಹಕ್ಕಿಲ್ಲ.

ಹಾಗಾಗಿ ಈ ಬೇಸಿಗೆಗೆ ಟ್ರೈಲರ್ ನೋಡಲು ಹೊರಟಿರುವ ಸ್ನೇಹಿತರಲ್ಲಿ ಒಂದೇ ಕೋರಿಕೆ. ಅಂಗಡಿಗೆ ಹೋಗುವ ಮುಂಚೆ ನಿಮ್ಮ ಗಾಡಿಯ ಬಾಗಿಲು ತೆಗೆದು ಆ ಸ್ಟಿಕ್ಕರಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅದರಲ್ಲಿ ಮನೆಯವರ ತೂಕ ಕಳೆಯಿರಿ (ಹೆಂಡತಿಯ ತೂಕ ಕೇಳುವುದು ನಿಮ್ಮ ಜವಾಬ್ದಾರಿ, ಅದಕ್ಕೆ ನಾನು ಹೊಣೆಯಲ್ಲ!), ಸಾಮಾನಿನ ತೂಕ ಕಳೆಯಿರಿ, ಕೊಕ್ಕೆಯ ತೂಕ ಕಳೆಯಿರಿ. ಉಳಿದದ್ದನ್ನು 0.13ರಿಂದ ಭಾಗಿಸಿ. ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಆಮೇಲೆ ಅಂಗಡಿ ಬಾಗಿಲು ತಟ್ಟಿ. ಅಲ್ಲಿ ಎಷ್ಟೇ ಚೆಂದದ ಅಡಿಗೆಮನೆ ತೋರಿಸಲಿ, ಆ ಸಂಖ್ಯೆ ಮೀರಿದ್ದಕ್ಕೆ ಕೈ ಮುಗಿದು ಮುಂದಿನದನ್ನು ನೋಡಿ.